ಕಂಬಳಿ ಹೊದ್ದ ಎಂಜಿನ್

ಮಾರ್ಲಿಸ್ ಮತ್ತೆ ತನ್ನ ಗಾಡಿಯ ಎಂಜಿನ್ ಮೇಲೆ ಕಂಬಳಿ ಹೊದಿಸಿದಳು. ಎಂಜಿನ್ನಿಗೇನು ಚಳಿಯೇ? ಹೊರಗೆ ಅಯೋವಾದ ಫೆಬ್ರವರಿ ಹಿಮ ಸುರಿಸುತ್ತಿತ್ತು, ನಿಜ. ಆದರೆ ಬೇಸಿಗೆಯಲ್ಲಿ ದನಗಳ ಪ್ರದರ್ಶನ ನಡೆಯುವ ಆ ದೊಡ್ಡ ಶೆಡ್ಡಿನೊಳಗೆ ಹೀಟರುಗಳು ಉರಿಯುತ್ತಿದ್ದವು. ಸಾಲಾಗಿ ನಿಂತ ಮೂರು ಚಕ್ರದ ಮೋಟಾರು ಗಾಡಿಗಳಲ್ಲಿ ಉಳಿದ ಯಾವುದಕ್ಕೂ ಕಂಬಳಿ ಇರಲಿಲ್ಲ.

ಆಚೆ ಬದಿಯಿಂದ ಲೈಲ್ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಹನ್ನೆರಡು ವರ್ಷ ಅವಳ ಗಂಡನಾಗಿದ್ದವನು. ಆಗ ಎಂಜಿನ್ ಕಟ್ಟುವುದು ಅವನ ಕೆಲಸ, ಓಡಿಸುವುದು ಅವಳ ಕೆಲಸ. ಅವನಂಥ ಮೆಕ್ಯಾನಿಕ್ ಇಡೀ ಜಿಲ್ಲೆಯಲ್ಲಿರಲಿಲ್ಲ, ಅವಳಂತೆ ಓಡಿಸುವವರೂ ಇರಲಿಲ್ಲ. ಡೈವೋರ್ಸಿನಲ್ಲಿ ಮನೆ, ಟ್ರಕ್ಕು, ಎರಡು ಗಾಡಿ ಎಲ್ಲ ಪಾಲಾದವು. ನಾಯಿ ಕೂಡ ತನ್ನ ಪಾಲಿಗೆ ಬಂದವರ ಜೊತೆ ಹೋಯಿತು. ಇಬ್ಬರೂ ಸೇರಿ ರೇಸಿನಲ್ಲಿ ಗೆದ್ದು ಟಿವಿ ಮೇಲಿಟ್ಟಿದ್ದ ಬೆಳ್ಳಿ ಕಪ್ ಒಂದು ಉಳಿಯಿತು. ಹೋಳು ಮಾಡಲು ಅದೇನು ಕುಂಬಳಕಾಯಿಯೇ? ಈ ಚಳಿಗಾಲದ ಕೊನೆಯ ರೇಸಿನಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರಿಗೆ ಕಪ್ ಎಂದು ಮಾತಾಯಿತು.

"ಆದ್ರೆ ನಿನ್ನ ಗಾಡಿಗೆ ಇನ್ಮೇಲೆ ನಾನು ಸ್ಪ್ಯಾನರ್ ಮುಟ್ಟಿಸಿದ್ರೆ ಕೇಳು," ಎಂದಿದ್ದ ಲೈಲ್.

"ಬೇಡಪ್ಪ. ನೀನು ಗಾಡಿ ಓಡಿಸೋ ಚಂದ ನೋಡೋಕಾದ್ರೂ ನಾನು ಬರ್ತೀನಿ," ಎಂದಿದ್ದಳು ಅವಳು.

ಆ ಕೊನೆಯ ರೇಸು ಇವತ್ತಿನದು.

ಕಾಂಕ್ರೀಟ್ ನೆಲಕ್ಕೆ ಕೋಲಾ ಪಾಕ ಚಿಮುಕಿಸಿ ಒಣಗಿಸಿದ್ದರು. ಕಾಲಿಟ್ಟರೆ ಬೂಟು ಅಲ್ಲೇ ಉಳಿಯುವಷ್ಟು ಅಂಟು. ಅಷ್ಟು ಅಂಟಿಲ್ಲದಿದ್ದರೆ ಆ ಮೊಟ್ಟೆಯಾಕಾರದ ಹಾದಿಯ ತಿರುವಿನಲ್ಲಿ ಗಾಡಿ ಸೀದಾ ಗೋಡೆಗೇ ಹೋಗುತ್ತದೆ. ಬೆಳಗಿನ ಸುತ್ತಿನಲ್ಲಿ ಬಾವುಟ ಬೀಸಿದ್ದೇ ತಡ, ಮಾರ್ಲಿಸ್ ಎಲ್ಲರನ್ನೂ ಹಿಂದೆ ಹಾಕಿ ಹೋದಳು. ಆಮೇಲೆ ಏನಾಯಿತೋ, ಒಂದು ಕೈ ಎತ್ತಿ ತಾನಾಗಿಯೇ ನಿಧಾನ ಮಾಡಿದಳು. ಮೂವರನ್ನು ಮುಂದೆ ಬಿಟ್ಟು, ಫೈನಲ್‌ಗೆ ಬೇಕಾದಷ್ಟೇ ಓಡಿಸಿ, ಬಂದು ಕಂಬಳಿ ಹೊದಿಸಿದಳು.

ಲೈಲ್‌ಗೆ ಅನುಮಾನ ಹತ್ತಿತು. ವೇಗ ಇಟ್ಟುಕೊಂಡು ಬಚ್ಚಿಡುತ್ತಿದ್ದಾಳೆ. ಅವಳ ಎಂಜಿನ್ನಿನಿಂದ ಬಂದ ಆ ದಪ್ಪ ಡಬಡಬ ಸದ್ದು? ನಿಯಮ ಮೀರಿದ ದೊಡ್ಡ ಪಿಸ್ಟನ್, ಇನ್ನೇನು. ಎಣ್ಣೆ ಬದಲಿಸಲೂ ಬಾರದವಳಿಗೆ ಇದನ್ನು ಯಾರು ಮಾಡಿಕೊಟ್ಟರು?

ಸೀದಾ ಅವಳ ಮುಂದೆ ನಿಂತ. "ಯಾರು ನಿನ್ನ ಹೊಸ ಮೆಕ್ಯಾನಿಕ್ಕು?"

"ನಿಂಗೆ ಚೆನ್ನಾಗಿ ಗೊತ್ತಿರೋನೇ," ಎಂದಳು ಮಾರ್ಲಿಸ್, ಕಂಬಳಿಯ ಅಂಚು ಸರಿಮಾಡುತ್ತ.

ಸಾಕಾಯಿತು. ಗಾಡಿಗಳ ತಪಾಸಣೆ ಮಾಡುವ ಮುದುಕ ಆರ್ವಿಲ್ ಚಿಲ್ಲಿ ಎಂಬ ಕಾಳು ಮಾಂಸದ ಖಾರದ ಸಾರಿನಲ್ಲಿ ದಾಲ್ಚಿನ್ನಿಯ ಸಿಹಿ ರೋಲ್ ಅದ್ದಿಕೊಂಡು ತಿನ್ನುತ್ತಿದ್ದ. ಲೈಲ್ ಹೋಗಿ ದೂರು ಕೊಟ್ಟ.

"ನಿಯಮ ಗೊತ್ತಲ್ವೇನಯ್ಯ?" ಎಂದ ಆರ್ವಿಲ್. "ಅನುಮಾನ ಪಟ್ಟೋನೇ ಬಿಚ್ಬೇಕು. ಮೋಸ ಸಿಕ್ರೆ ಅವಳು ಹೊರಗೆ, ಕಪ್ ನಿಂದು. ಸಿಗ್ಲಿಲ್ಲ ಅಂದ್ರೆ ಫೈನಲ್‌ಗೆ ಮುಂಚೆ ನೀನೇ ಜೋಡಿಸ್ಕೊಡ್ಬೇಕು. ಒಳಗೆ ಏನು ಕೆಟ್ಟಿದ್ರೂ ನಿನ್ನ ಸಾಮಾನೇ ಹಾಕ್ಬೇಕು."

"ಸಿಗುತ್ತೆ ಬಿಡು."

ಮಾರ್ಲಿಸ್ ಅಡ್ಡ ನಿಂತಳು. "ಬೇಡ ಲೈಲ್. ಒಳಗಿರೋದನ್ನ ನೀನು ನೋಡ್ದೇ ಇರೋದೇ ವಾಸಿ."

ಇಷ್ಟು ಹೇಳಿದ ಮೇಲೆ ಅವನು ಬಿಟ್ಟಾನೆಯೇ? ಜನ ಸುತ್ತ ಸೇರಿದರು. ಲೈಲ್ ಬೋಲ್ಟು ಬಿಚ್ಚಿ ಸಿಲಿಂಡರ್ ಎತ್ತಿದ. ಆರ್ವಿಲ್ ಪಿಸ್ಟನ್ ಅಳೆದ, ಕನ್ನಡಕ ಒರೆಸಿ ಇನ್ನೊಂದು ಸಲ ಅಳೆದ.

"ಸರಿಯಾಗೇ ಇದೆ," ಎಂದ.

ಅಷ್ಟರಲ್ಲಿ ಪಿಸ್ಟನ್ನಿನ ರಿಂಗು ಲೈಲ್‌ನ ಅಂಗೈಗೆ ಮೂರು ತುಂಡಾಗಿ ಬಿತ್ತು. ಮಾರ್ಲಿಸ್ ಟೂಲ್ ಪೆಟ್ಟಿಗೆಯ ಮೇಲೆ ಕುಸಿದು ತಲೆಗೆ ಕೈಹೊತ್ತಳು. "ಹಾಳು ಮಾಡ್ಬಿಟ್ಯಲ್ಲೋ," ಎಂದಳು. ಹಿಂದಿನಿಂದ ಯಾರೋ, "ಬೆಟ್ಟ ಅಗೆದು ಇಲಿ ಹಿಡಿದ ನಮ್ಮ ಲೈಲು," ಎಂದರು. ಶೆಡ್ಡೆಲ್ಲ ನಕ್ಕಿತು. ಲೈಲ್‌ನ ಕಿವಿ ಕೆಂಪಾಯಿತು.

ತನ್ನ ಪೆಟ್ಟಿಗೆ ತೆಗೆದ. ಅವನ ಗಾಡಿಯೂ ಅದೇ ಮಾದರಿಯದು. ಇಡೀ ಚಳಿಗಾಲ ಕೂತು ತನಗಾಗಿ ತಿದ್ದಿ ತೀಡಿ ಇಟ್ಟುಕೊಂಡಿದ್ದ ಸಿಲಿಂಡರು, ಹೊಸ ಪಿಸ್ಟನ್ನು, ರಿಂಗು, ಎಲ್ಲ ಹೊರಬಂತು. ಒಂದೆರಡು ಕಡೆ ಸಡಿಲ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನಿಗೂ ಆ ಯೋಚನೆ ಬಂತು. ಆದರೆ ಕೈ ಕೇಳಬೇಕಲ್ಲ? ಕೆಟ್ಟ ಕೆಲಸ ಆ ಕೈಗೆ ಬರುತ್ತಿರಲಿಲ್ಲ.

ಮಾರ್ಲಿಸ್ ಟಾರ್ಚ್ ಹಿಡಿದಳು. ಎಲ್ಲಿಗೆ ಬೆಳಕು ಬೇಕೆಂದು ಅವನು ಹೇಳಬೇಕಾಗಲಿಲ್ಲ. ಅವನಿಗೆ ಹಳೆಯದೆಲ್ಲ ನೆನಪಾಯಿತು. ಅವಳು ಒಂದು ಬಟ್ಟಲು ಚಿಲ್ಲಿ ತಂದು ಪಕ್ಕದಲ್ಲಿಟ್ಟಳು. ಅವನು ಕೆಲಸ ಮುಗಿಸಿಯೇ ತಿಂದ.

ಎಂಜಿನ್ ಹಗ್ಗದ ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಡಬಡಬ ಹೋಗಿತ್ತು. ಸದ್ದು ಅಷ್ಟು ಶುದ್ಧವಾಗಿತ್ತೆಂದರೆ ಲೈಲ್ ಒಂದು ಗಳಿಗೆ ಹೆಮ್ಮೆಯಿಂದ ನಕ್ಕೇಬಿಟ್ಟ. ಯಾರ ಗಾಡಿ ಎಂದು ಆಮೇಲೆ ನೆನಪಾಯಿತು.

ಫೈನಲ್‌ನಲ್ಲಿ ಕೊನೆಯ ತಿರುವಿನವರೆಗೂ ಅವನೇ ಮುಂದಿದ್ದ. ಅಲ್ಲಿ ಅವನ ಹಿಂದಿನ ಚಕ್ರ ಅಂಟು ಬಿಟ್ಟು ಹೊರಗೆ ಜಾರಿತು. ಒಳಬದಿಯ ಅಷ್ಟು ಜಾಗದಲ್ಲಿ ಮಾರ್ಲಿಸ್ ನುಗ್ಗಿದಳು. ಒಂದೇ ಒಂದು ಚಕ್ರದಷ್ಟು ಅಂತರದಲ್ಲಿ ಗೆದ್ದಳು.

ಲೈಲ್ ತನ್ನ ಟ್ರಕ್ಕಿನಿಂದ ಕಪ್ ತಂದು ಅವಳ ಕೈಗಿಟ್ಟ. ಮಾತಿಗೆ ತಪ್ಪುವವನಲ್ಲ.

"ಗೆದ್ದೆ, ಸರಿ. ಒಂದೇ ಒಂದು ಹೇಳು," ಎಂದ. "ಬೆಳಿಗ್ಗೆ ಅಷ್ಟು ಮುಂದಿದ್ದೋಳು ಯಾಕೆ ನಿಧಾನ ಮಾಡ್ದೆ?"

"ಎಂಜಿನ್ ಸಾಯ್ತಾ ಇತ್ತು ಕಣೋ, ಅದಕ್ಕೆ," ಎಂದಳು ಮಾರ್ಲಿಸ್. "ರಿಪೇರಿ ಮಾಡ್ಕೊಡು ಅಂತ ಕಾಲಿಗೆ ಬಿದ್ರೂ ನೀನು ಮುಟ್ತಿರ್ಲಿಲ್ಲ, ಅದಕ್ಕೇ ಕಂಬಳಿ ಹೊದ್ಸಿ ನಿಂಗೆ ಅನುಮಾನ ಬರಿಸ್ದೆ."