ಬಾಣಂತನಕ್ಕೊಂದು ಚೆಸ್ ಪಂದ್ಯ

ಬಾಣಂತನ ಕೇಟಿ ಊರಿನ ತವರಲ್ಲೋ ಆಸ್ಟಿನ್‌ನ ಮಗಳ ಮನೆಯಲ್ಲೋ ಎಂಬುದನ್ನು ಎರಡು ಲ್ಯಾಪ್‌ಟಾಪ್‌ಗಳು ಚೆಸ್ ಆಡಿ ತೀರ್ಮಾನಿಸಲಿ ಎಂದು ಅಪ್ಪ, ಮಗಳು ಒಪ್ಪಿಕೊಂಡರು. ಬಾಣಂತನ ಮಾಡಬೇಕಾದ ತ್ರಿವೇಣಿಯವರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಗಂಡ ತಿಂದಿಟ್ಟ ತಿಂಡಿಯ ತಟ್ಟೆ ತೊಳೆಯುತ್ತಿದ್ದರು.

ಅಪ್ಪ ಗುರುರಾಜರ ವಾದ ಶಾಸ್ತ್ರೋಕ್ತವಾಗಿತ್ತು. “ಚೊಚ್ಚಲ ಬಾಣಂತನ ತವರಲ್ಲೇ ಆಗ್ಬೇಕು. ನೀನು ಇಲ್ಲೇ ಇದ್ಬಿಡು.”

“ಅಪ್ಪ, ನನ್ನ ಡಾಕ್ಟರ್ ಆಸ್ಟಿನ್‌ನಲ್ಲಿ, ನಿಖಿಲ್ ಕೆಲಸ ಆಸ್ಟಿನ್‌ನಲ್ಲಿ. ಅಮ್ಮನೇ ಮೂರು ತಿಂಗಳು ಬಂದಿರ್ಲಿ,” ಎಂದಳು ಎರಡು ದಿನಕ್ಕೆಂದು ತವರಿಗೆ ಬಂದಿದ್ದ ಎಂಟು ತಿಂಗಳ ಬಸುರಿ ನಿಹಾರಿಕಾ.

ಮೂರು ತಿಂಗಳು ಎಂದ ಕೂಡಲೇ ಗುರುರಾಜರು ಅಡುಗೆಮನೆಯ ಕಡೆ ನೋಡಿದರು. ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹೋಗಲೇಬೇಕಾದ ಅವರು ಹೆಂಡತಿಯ ಹಿಂದೆ ಹೋಗುವಂತೆಯೂ ಇರಲಿಲ್ಲ. ಶಾಸ್ತ್ರದ ಮೇಲಿನ ಈ ಹೊಸ ಭಕ್ತಿ ಹುಟ್ಟಿದ್ದು ಊಟತಿಂಡಿಯ ಭಯದಿಂದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಪ್ಪ, ಮಗಳು ಇಬ್ಬರೂ ಬಿಡುವಿನಲ್ಲಿ ಚೆಸ್ ಆಡುವ ಪ್ರೋಗ್ರಾಂ ಬರೆದವರು. ಅಪ್ಪನದು ಸಿ ಪ್ಲಸ್ ಪ್ಲಸ್ ಭಾಷೆ. ನೇರವಾಗಿ ಯಂತ್ರದ ಭಾಷೆಗೇ ಇಳಿದು ಓಡುವುದರಿಂದ ಬಲು ಚುರುಕು, ಆದರೆ ಬಳಸಿದ ಮೆಮೊರಿಯನ್ನು ಬರೆದವನೇ ನೆನಪಿಟ್ಟು ಖಾಲಿ ಮಾಡಬೇಕು. ಮಗಳದು ಸಿ ಶಾರ್ಪ್. ಅದರಲ್ಲಿ ಬಳಸಿ ಬಿಟ್ಟದ್ದನ್ನೆಲ್ಲ ಗುಡಿಸಲು ಹಿಂದಿನಿಂದ ಒಂದು ವ್ಯವಸ್ಥೆಯೇ ಬರುತ್ತದೆ.

“ಅದು ಸೋಮಾರಿಗಳ ಭಾಷೆ ಪುಟ್ಟಿ,” ಎಂದರು ಗುರುರಾಜರು, ಬಾಳೆಹಣ್ಣಿನ ಸಿಪ್ಪೆಯನ್ನು ಸೋಫಾದ ಕೈಮೇಲೆ ಇಡುತ್ತ. “ನಾವು ಮಾಡಿದ ಗಲೀಜು ನಾವೇ ತೆಗೀಬೇಕು. ಶಿಸ್ತು ಅಂದ್ರೆ ಅದು.”

ತ್ರಿವೇಣಿ ಬಂದು ಸಿಪ್ಪೆ ಎತ್ತಿಕೊಂಡು ಹೋದರು.

ಆಟಕ್ಕೆ ತಲಾ ಐದು ನಿಮಿಷ; ಸಮಯ ಮೀರಿದವರು ಸೋತಂತೆ. ಮಗಳ ಪ್ರೋಗ್ರಾಂ ನಿಧಾನವಾದರೂ ಬುದ್ಧಿವಂತ; ನಲವತ್ತನೇ ನಡೆಯ ಹೊತ್ತಿಗೆ ಅವಳ ಕಡೆ ಒಂದು ಆನೆ ಹೆಚ್ಚಿತ್ತು, ಗಡಿಯಾರದಲ್ಲಿ ಮಾತ್ರ ಕೆಲವೇ ಸೆಕೆಂಡು ಉಳಿದಿತ್ತು. ಗುರುರಾಜರು ಮಂತ್ರಾಲಯಕ್ಕೆ ಹರಕೆ ಹೊತ್ತರು. ಇನ್ನೆರಡು ನಡೆಗೆ ಸೋಲು ಖಂಡಿತ ಎನ್ನುವಾಗ ನಿಹಾರಿಕಾಳ ಪರದೆ ಸ್ತಬ್ಧವಾಯಿತು. ಒಂದು ಸೆಕೆಂಡು, ಎರಡು ಸೆಕೆಂಡು. ಅವಳ ಗಡಿಯಾರ ಸೊನ್ನೆಗೆ ಇಳಿಯಿತು.

“ಓ ನೋ! ಗಾರ್ಬೇಜ್ ಕಲೆಕ್ಷನ್! ಈಗ್ಲೇ ಬರ್ಬೇಕಿತ್ತಾ ಇದು?”

“ಗೆದ್ದೆ!” ಐವತ್ತೊಂಬತ್ತರ ಗುರುರಾಜರು ಕಾರ್ಪೆಟ್ ಮೇಲೆ ಕುಣಿದೇಬಿಟ್ಟರು. “ತ್ರಿವೇಣಿ, ಕೇಳಿಸ್ತಾ? ಬಾಣಂತನ ಇಲ್ಲೇ!”

“ಇವಳದ್ದು ಯಾಕ್ರೀ ಸೋತಿದ್ದು? ಚೆನ್ನಾಗಿ ಆಡ್ತಿತ್ತಲ್ಲ.”

“ಚೆನ್ನಾಗೇ ಆಡ್ತಿತ್ತು. ಮಧ್ಯದಲ್ಲಿ ಕಸ ಗುಡಿಸಕ್ಕೆ ನಿಂತ್ಕೊಂಡ್ತು ನೋಡು, ಅಷ್ಟರಲ್ಲಿ ಟೈಮ್ ಮುಗಿದೋಯ್ತು!”

ತ್ರಿವೇಣಿ ತಮ್ಮ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನೋಡಿದರು. ಮೊದಲು ನಗು ಬಂತು, ಅದರ ಬೆನ್ನಿಗೇ ಮೂವತ್ತೆರಡು ವರ್ಷದ ಸಿಟ್ಟೂ ಬಂತು. ಬಟ್ಟೆಯನ್ನು ಗಂಡನ ಹೆಗಲಿಗೆ ಹಾಕಿ, ಒಳಗಿನಿಂದ ಸೂಟ್‌ಕೇಸ್ ಎಳೆದುಕೊಂಡು ಬಂದರು. ಅದನ್ನು ಅವರು ಎರಡು ದಿನದ ಹಿಂದೆಯೇ ತುಂಬಿಟ್ಟಿದ್ದರು.

“ನಡಿ ನಿಹಾರಿಕಾ. ಕಾರು ನಾನೇ ಡ್ರೈವ್ ಮಾಡ್ತೀನಿ.”

“ಲೇ, ಗೆದ್ದಿದ್ದು ನಾನು ಕಣೇ!”

“ಹೌದಲ್ಲ. ಗುಡಿಸಕ್ಕೆ ನಿಂತೋರು ಸೋಲ್ತಾರೆ ಅಂತ ನೀವೇ ಹೇಳಿದ್ರಿ. ಇನ್ನು ನಾನು ನಿಲ್ಲಲ್ಲ.”

ಕಾರು ಐ-ಟೆನ್ ಹೆದ್ದಾರಿ ಹತ್ತುವ ಮೊದಲೇ ಫೋನ್ ಬಂತು. ಸ್ಪೀಕರಿನಲ್ಲಿ ಗುರುರಾಜರ ಉಸಿರು, ಹಿಂದೆ ಮುಚ್ಚಳಗಳ ಸದ್ದು.

“ತ್ರಿವೇಣಿ, ಕಾಫಿಪುಡಿ ಯಾವ ಡಬ್ಬೀಲಿದೆ?”

“ಸೆಕೆಂಡಿಗೆ ಅರವತ್ತು ಲಕ್ಷ ನಡೆ ಹುಡುಕುತ್ತೆ ನನ್ನ ಪ್ರೋಗ್ರಾಂ ಅಂತ ಕನ್ನಡ ಸಂಘದ ತುಂಬಾ ಹೇಳ್ಕೊಂಡು ಬಂದಿದ್ರಲ್ಲ,” ಎಂದರು ತ್ರಿವೇಣಿ, ಇಂಡಿಕೇಟರ್ ಹಾಕುತ್ತ. “ಅಲ್ಲಿರೋದು ಹದಿನಾಲ್ಕೇ ಡಬ್ಬಿ. ಹುಡುಕಿ.”