ಸೀಮೆಸುಣ್ಣದ ಸೂತ್ರಗಳು

“ಚಿತ್ರವು ಚಿತ್ರಕ್ಕಿಂತ ದೊಡ್ಡದೆಂದು ಸಾಧಿಸಿ. ಸುಳಿವು: ಚಿತ್ರ,” ಎಂದು ನೋರೀನಳ ಲ್ಯಾಪ್‌ಟಾಪ್ ಗಟ್ಟಿಯಾಗಿ ಓದಿತು. ಅದು ಓದುತ್ತಿದ್ದುದು ಎದುರಿಗೇ ಕೂತಿದ್ದ ಗಣಿತದ ಪ್ರೊಫೆಸರ್ ಟೋರ್ಸನ್ ಅವರ ಪಾಠದ ವೆಬ್ ಪುಟವನ್ನು.

ನೋರೀನ್‌ಗೆ ಕಣ್ಣು ಕಾಣದು. ಪುಟಗಳನ್ನು ಓದಿ ಹೇಳುವುದು ಲ್ಯಾಪ್‌ಟಾಪೇ. ಟೈಪ್ ಮಾಡಿದ್ದು ಅಕ್ಷರವಾಗಲಿ, ಸೂತ್ರವಾಗಲಿ, ಸಲೀಸಾಗಿ ಓದುತ್ತದೆ. ಆದರೆ ಟೋರ್ಸನ್ ಸೂತ್ರ ಟೈಪ್ ಮಾಡುವ ಪೈಕಿಯಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಫೋಟೊ ತೆಗೆದು, ಪುಟಕ್ಕೆ ಅಂಟಿಸುವವರು. ಫೋಟೊ ಬಂದಲ್ಲೆಲ್ಲ ಲ್ಯಾಪ್‌ಟಾಪಿಗೆ ಹೇಳಲು ಬರುವುದು ‘ಚಿತ್ರ’ ಅಂತಷ್ಟೇ. ಅಮೆರಿಕದ ಡುಲೂತ್ ಊರಿನ ಆ ಕಾಲೇಜಿನಲ್ಲಿ ಅವರ ಕೈಬರಹವನ್ನು ಹೊಗಳದವರಿಲ್ಲ. ಹೊಗಳದಿದ್ದರೆ ಅವರು ಬಿಡುತ್ತಲೂ ಇರಲಿಲ್ಲ.

“ಶುಕ್ರವಾರ ಪರೀಕ್ಷೆ, ಪ್ರೊಫೆಸರ್. ಇದರಲ್ಲಿ ಡುಮ್ಕಿ ಹೊಡೆದ್ರೆ ಈ ವರ್ಷ ನನಗೆ ಡಿಗ್ರಿ ಇಲ್ಲ. ದಯವಿಟ್ಟು ಸೂತ್ರಾನ ಟೈಪ್ ಮಾಡಿ. ಹೇಗೆ ಅಂತ ನಾನೇ ತೋರಿಸ್ತೀನಿ.”

“ಅಲ್ಲಮ್ಮ, ಟೈಪ್ ಮಾಡಿದ ಸೂತ್ರಕ್ಕೆ ಜೀವ ಎಲ್ಲಿರತ್ತೆ? ಚಿತ್ರದ ಹಿಂದೆ ವಿವರ ಬರೆದಿಟ್ರೆ ನಿನ್ನ ಲ್ಯಾಪ್‌ಟಾಪು ಓದತ್ತಂತಲ್ಲ. ಬರೆದಿಡ್ತೀನಿ ಬಿಡು.”

“ಚಿತ್ರದಲ್ಲಿ ಏನಿದೆಯೋ ಅದನ್ನ ಬರೀರಿ ಮತ್ತೆ.”

“ಅದನ್ನೂ ನನಗೆ ಹೇಳಿಕೊಡ್ತೀಯಾ?”

ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಪ್ರಶ್ನೆಪತ್ರಿಕೆಯ ಒಂದು ಚಿತ್ರವನ್ನೂ ಬಿಡದೆ ವಿವರ ಬರೆದರು.

ಶುಕ್ರವಾರ ಅವರ ಕೋಣೆಯಲ್ಲೇ ನೋರೀನ್ ಹೆಡ್‌ಫೋನ್ ಹಾಕಿಕೊಂಡು ಕೂತಳು. ಮೊದಲ ಪ್ರಶ್ನೆ ಕೇಳಿಸಿತು: “ಚಿತ್ರ: ಕಪ್ಪು ಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದ ಬಹಳ ಸುಂದರವಾದ ಸಮೀಕರಣ. ಬಿಡಿಸಿ.” ಎರಡನೆಯದು ಇನ್ನೂ ಸೊಗಸು: “ಚಿತ್ರ: ಮೊದಲಿನದಕ್ಕಿಂತ ಉದ್ದವಾದ ಸಮೀಕರಣ. ಕೊನೆಯ ಅಕ್ಷರದ ಬಾಲದ ಬಳುಕನ್ನು ಗಮನಿಸಿ. ಬಿಡಿಸಿ.”

ಅವಳಿಗೆ ಅಳು ಬಂತು. ಅದರ ಹಿಂದೆಯೇ ಕಿಡಿಗೇಡಿ ನಗು ಬಂತು. ಟಕಟಕನೆ ಏನೋ ಟೈಪ್ ಮಾಡಿ ಕಳಿಸಿ, ಕೋಟು ತೊಟ್ಟು ಎದ್ದಳು.

“ಇಷ್ಟು ಬೇಗ ಮುಗೀತಾ!” ಟೋರ್ಸನ್ ಹಿರಿಹಿರಿ ಹಿಗ್ಗಿದರು. “ನೋಡಿದೆಯಾ ನನ್ನ ವಿವರದ ಮಹಿಮೆ?”

“ಹೌದು ಪ್ರೊಫೆಸರ್. ನಾನೂ ನಿಮ್ಮ ಹಾಗೇ ಬರೆದಿದೀನಿ.”

ಅವರು ಉತ್ತರಪತ್ರಿಕೆ ತೆರೆದು ಗಟ್ಟಿಯಾಗಿಯೇ ಓದತೊಡಗಿದರು. “ಒಂದನೇ ಉತ್ತರ: ಬಿಳಿ ಪುಟದ ಮೇಲೆ ಕಪ್ಪು ಅಕ್ಷರಗಳಲ್ಲಿ ಬರೆದ, ಬಹಳ ಸುಂದರವಾದ, ಪೂರ್ತಿ ಸರಿಯಾದ ಉತ್ತರ. ಎರಡನೇ ಉತ್ತರ: ಮೊದಲಿನದಕ್ಕಿಂತ ಉದ್ದ...” ದನಿ ಇಳಿಯುತ್ತಾ ಹೋಗಿ ನಿಂತಿತು.

“ಇದರಲ್ಲಿ ಲೆಕ್ಕ ಎಲ್ಲಮ್ಮಾ ಇದೆ?”

“ನಾನೂ ಆಗಿನಿಂದ ಅದನ್ನೇ ಹುಡುಕ್ತಿದೀನಿ, ಪ್ರೊಫೆಸರ್.”