ಒಪ್ಪಿದ ಬೆಲೆ

"'ತುಕ್ಕು ಹಿಡಿದ ಗುಜರಿ ಗಾಡಿ, ಒಂದು. ಬೆಲೆ ಏನೂ ಇಲ್ಲ.' ಇದು ನಿಮ್ಮದೇ ಅಕ್ಷರ ಅಲ್ವಾ ಸರ್?" ವಿಮಾ ಕಚೇರಿಯ ಅಧಿಕಾರಿ ಪಾಲುಪಟ್ಟಿಯ ಆ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು ಕೇಳಿದಳು.

ಕನ್ನಡಕದಂಗಡಿಯ ಯಜಮಾನ ಬಗ್ಗಿ ನೋಡಿದ. ಊರಿನ ಅರ್ಧ ಜನಕ್ಕೆ ಕಣ್ಣು ಕಾಣುವಂತೆ ಮಾಡಿದ ಮನುಷ್ಯನಿಗೆ ತನ್ನ ಅಕ್ಷರ ಕಾಣಿಸದೆ ಇದ್ದೀತೇ? ಆರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಮೇಲೆ, ಮನೆಯ ಸಾಮಾನು ಹಂಚಿಕೊಳ್ಳಲು ತಾನೇ ಕೂತು ಗುಂಡಗೆ ಬರೆದಿದ್ದ ಪಟ್ಟಿ. ಕಾರು ತನ್ನ ಪಾಲಿಗೆ ಬಂತು ಎನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಅದೊಂದೇ ಕಾಗದ.

"ಆಗ ಹಾಗಿತ್ತು," ಎಂದ. "ಈಗ ಹದಿನೆಂಟು ಲಕ್ಷ ಬಾಳತ್ತೆ. ಭಾನುವಾರ ಹಳೇ ಕಾರುಗಳ ಪ್ರದರ್ಶನ ಇದೆ, ವಿಮೆ ಇಲ್ದೆ ಒಳಗೇ ಬಿಡಲ್ಲ. ಯಾವುದೋ ಒಂದು ಮಾಮೂಲಿ ಪಾಲಿಸಿ ಕೊಟ್ಬಿಡಿ ಅತ್ಲಾಗೆ."

"ಮಾಮೂಲಿ ಪಾಲಿಸೀಲಿ ವರ್ಷ ಕಳೆದ ಹಾಗೆ ಬೆಲೆ ಇಳೀತಾ ಹೋಗತ್ತೆ ಸರ್. ಅರವತ್ತು ವರ್ಷದ ಗಾಡಿಗೆ ಏನಾದ್ರೂ ಆದ್ರೆ ನಿಮ್ಮ ಕೈಗೆ ಬರೋದು ಎರಡು ಟೈರಿನ ದುಡ್ಡು. ಇಂಥದ್ದಕ್ಕೇ ಒಪ್ಪಿದ ಬೆಲೆಯ ಪಾಲಿಸಿ ಅಂತ ಇದೆ. ನಾವೂ ನೀವೂ ಮೊದಲೇ ಒಂದು ಬೆಲೆ ಒಪ್ಪಿಕೊಂಡ್ರೆ ಆಮೇಲೂ ಅದೇ ಬೆಲೆ. ಕಾರು ನೋಡಿ ಬಂದ ನಮ್ಮವರೂ ಹದಿನೆಂಟು ಅಂತಾನೇ ಬರ್ದಿದಾರೆ. ಎಂಜಿನ್ನಿಗೆ ಯಾರೂ ಕೈ ಹಾಕಿಲ್ಲ, ಬಣ್ಣ ಕೂಡ ಮೊದಲಿಂದೇ, ಯಾವತ್ತೂ ಹಾಳಾಗಿದ್ದ ಗಾಡಿ ಅಲ್ಲ ಅಂತ." ಅವಳು ಪಟ್ಟಿಯನ್ನು ಮಡಿಸಿದಳು. "ಕಾಗದದಲ್ಲಿ ಮಾತ್ರ ಗುಜರಿ. ಪಾಲು ಹಂಚಿಕೊಂಡ ಇನ್ನೊಬ್ರು ಯಾರು?"

"ತಂಗಿ."

"ಆಗ್ಲೂ ಬೆಲೆ ಇತ್ತು ಅಂತ ಅವರ ಹತ್ರ ಎರಡು ಸಾಲು ಬರೆಸ್ಕೊಂಡು ಬನ್ನಿ. ಅಷ್ಟೇ."

ಅಷ್ಟೇ ಎನ್ನುವುದು ಅವಳಿಗೆ ಸುಲಭ. ಅಪ್ಪನ ವಸ್ತುಗಳಲ್ಲಿ ತಂಗಿ ಬಾಯಿಬಿಟ್ಟು ಕೇಳಿದ್ದು ಆ ಕಾರೊಂದನ್ನೇ. ಅಪ್ಪ ಅವಳಿಗೆ ಗಾಡಿ ಓಡಿಸಲು ಕಲಿಸಿದ್ದು ಅದರಲ್ಲಿ. ಅವಳು ಕೀಲಿ ತಿರುಗಿಸಿ ನೋಡಿದಾಗ ಕಾರು ಮಿಸುಕಲಿಲ್ಲ. ಹೇಗೆ ಮಿಸುಕೀತು, ಬೆಳಿಗ್ಗೆಯೇ ಇವನು ಬ್ಯಾಟರಿಯ ತಂತಿ ಕಳಚಿಟ್ಟಿದ್ದ. "ಗುಜರಿ ಕಣಮ್ಮ ಇದು. ಈ ತಲೆನೋವು ನನಗಿರಲಿ, ನೀನು ಹೊಲಿಗೆ ಮೆಷಿನ್ ತಗೋ," ಎಂದು ಮಹಾತ್ಯಾಗಿಯ ಮುಖ ಮಾಡಿದ್ದ. ಆಮೇಲೆ ಆರು ವರ್ಷ, ಅವಳ ಕಣ್ಣಿಗೆ ಬಿದ್ದೀತೆಂದು ಅದನ್ನು ಟಾರ್ಪಾಲಿನಡಿಯಿಂದ ಹೊರಗೇ ತೆಗೆಯಲಿಲ್ಲ.

ತಂಗಿ ತನ್ನ ಅಂಗಡಿಯಲ್ಲಿ ಷರಟಿನ ಕಾಲರ್ ಹೊಲಿಯುತ್ತಿದ್ದಳು. ಅಣ್ಣ ನಿಂತೇ ವಿಷಯ ಹೇಳಿದ.

"ಎಷ್ಟು ಬಾಳತ್ತಂತೆ?"

"ಹದಿನೆಂಟು."

"ಸಾವಿರನಾ?"

"ಲಕ್ಷ," ಎಂದ, ದಾರದ ಉಂಡೆಗಳತ್ತ ನೋಡುತ್ತ.

ಮೆಷಿನ್ ನಿಂತಿತು. ಅವಳು ಎರಡು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನಿಜವಾಗಿ ನಾಚಿಕೆಯಾಯಿತು. ಆದರೆ ಆ ನಾಚಿಕೆಯ ನಡುವೆಯೂ, ಭಾನುವಾರಕ್ಕೆ ಇನ್ನು ಮೂರೇ ದಿನ ಎಂಬುದು ಅವನಿಗೆ ಮರೆತಿರಲಿಲ್ಲ.

"ನಡೆದದ್ದನ್ನ ಬರೆದ್ರೆ ಸಾಕಲ್ವಾ ಅಣ್ಣ?"

"ಸಾಕಮ್ಮ, ಧಾರಾಳವಾಗಿ ಸಾಕು."

ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದು, ಎರಡೇ ನಿಮಿಷದಲ್ಲಿ ಬರೆದು, ಮಡಿಸಿ, ಗುಂಡುಸೂಜಿ ಚುಚ್ಚಿ ಕೊಟ್ಟಳು. ಅವಳ ಎದುರಿಗೆ ಬಿಚ್ಚಿ ಓದುವ ಧೈರ್ಯ ಅವನಿಗಾಗಲಿಲ್ಲ. ಬೀದಿಗೆ ಬಂದ ಮೇಲೆ ಓದುವ ಮನಸ್ಸಾಗಲಿಲ್ಲ. ಎಷ್ಟಾದರೂ ಒಡಹುಟ್ಟಿದವಳು, ಕೈಬಿಡುವುದಿಲ್ಲ ಎಂದುಕೊಂಡು ಸೀದಾ ವಿಮಾ ಕಚೇರಿಗೆ ಹೋದ.

ಅಧಿಕಾರಿ ಸೂಜಿ ತೆಗೆದು, ಕೌಂಟರಿನ ಉಳಿದವರಿಗೂ ಕೇಳುವಂತೆ ಓದಿದಳು. "'ಈ ಕಾರು ಬಹಳ ಬೆಲೆ ಬಾಳುವಂಥದು ಎಂದು ನನ್ನ ಅಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು. ಗುಜರಿ ಎಂದು ನಂಬಿದ್ದವಳು ನಾನೊಬ್ಬಳೇ.'"

ಅವನು ಕಾಗದ ವಾಪಸು ಇಸಿದುಕೊಳ್ಳಲು ಕೈ ಚಾಚಿದ.

"ಚೆನ್ನಾಗಿ ಬರ್ದಿದಾರೆ," ಎಂದಳು ಅವಳು, ಮನಸಾರೆ ಮೆಚ್ಚಿ. "ಇಷ್ಟು ಸ್ಪಷ್ಟವಾಗಿ ಯಾರೂ ಬರೆದುಕೊಡಲ್ಲ. ಇನ್ನೇನೂ ತಕರಾರಿಲ್ಲ." ಹಾಳೆಯನ್ನು ಅವನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು.

"'ಮೇಲೆ ಬರೆದಿರುವುದೆಲ್ಲ ನಿಜ' ಅಂತ ಬರೆದು, ಕೆಳಗೆ ನೀವೊಂದು ಸೈನ್ ಹಾಕ್ಬಿಡಿ ಸರ್."